ಮೂರನೇ ಅಧ್ಯಾಯ ಹೇಳಿದವರು

ಮೂರನೇ ಅಧ್ಯಾಯ ಓದುವಾಗ ನನಗೆ ಮೊದಲು ಆದದ್ದು ಸಂತೋಷ. ಎಂ.ಎ. ಎರಡನೇ ವರ್ಷದವರ ಕಿರುಪ್ರಬಂಧದ ಕರಡುಗಳು ಮೇಜಿನ ಮೇಲೆ ರಾಶಿ ಬಿದ್ದಿದ್ದವು. ಒಂದಾದರೂ ನೆಟ್ಟಗೆ ಓದಿಸಿಕೊಂಡು ಹೋಗಬೇಕಲ್ಲ! ಕಾಪುವಿನ ಹುಡುಗನದೂ ಮೊದಲೆರಡು ಅಧ್ಯಾಯ ಏದುಸಿರು ಬಿಡುತ್ತಲೇ ಸಾಗಿತ್ತು. ಅವನ ವಿಷಯ ರಂಪಣಿ ಬಲೆಯ ಮೀನುಗಾರಿಕೆ ಮತ್ತು ಅದರ ಸುತ್ತಲಿನ ಮಾತು, ಹಾಡು, ನಂಬಿಕೆ. ಮೂರನೇ ಅಧ್ಯಾಯಕ್ಕೆ ಬಂದದ್ದೇ ವಾಕ್ಯಗಳಿಗೆ ಬೆನ್ನುಮೂಳೆ ಬಂತು. ದೋಣಿಯಲ್ಲಿ ಬಲೆ ಒಯ್ದು ಮೀನಿನ ಗುಂಪಿನ ಸುತ್ತ ಅರ್ಧ ಚಂದ್ರಾಕಾರವಾಗಿ ಬಿಡುವುದು, ಎರಡು ತುದಿಯ ಹಗ್ಗಗಳನ್ನು ದಡದಿಂದ ಎರಡು ಸಾಲು ಜನ ಎಳೆಯುವುದು, ಎಲ್ಲವೂ ಅಚ್ಚುಕಟ್ಟಾಗಿತ್ತು. ಅಂತೂ ಒಬ್ಬನಾದರೂ ಬರೆಯುವವನು ಸಿಕ್ಕಿದನಲ್ಲ ಎಂದುಕೊಂಡು ಕೆಂಪು ಪೆನ್ಸಿಲನ್ನು ಕೆಳಗಿಟ್ಟೆ.

ಎರಡು ಪುಟ ಕಳೆದ ಮೇಲೆ ಅದನ್ನು ಮತ್ತೆ ಕೈಗೆ ತೆಗೆದುಕೊಂಡೆ. ಅಲ್ಲಿ ಹೀಗಿತ್ತು: "ಈ ತೀರದ ಮೀನುಗಾರರು ಸ್ವಭಾವತಃ ಸರಳರೂ ದುಂದುಗಾರರೂ ಆಗಿದ್ದಾರೆ. ಮಳೆಗಾಲದ ತಿಂಗಳುಗಳನ್ನು ಸೋಮಾರಿತನದಲ್ಲಿಯೂ ಕುಡಿತದಲ್ಲಿಯೂ ಕಳೆಯುತ್ತಾರೆ. ನಾಳೆಯ ಚಿಂತೆ ಇವರಿಗೆ ಇರುವಂತೆ ಕಾಣುವುದಿಲ್ಲ."

ಬರೆದವನ ಅಪ್ಪ ಕಾಪು ಕಡಲ ದಡದಲ್ಲಿ ರಂಪಣಿಯ ತಂಡೇಲ. ಎಂದರೆ ಮೀನಿನ ಗುಂಪನ್ನು ಗುರುತಿಸಿ, ಬಲೆ ಎಲ್ಲಿ ಬಿಡಬೇಕೆಂದು ಹೇಳಿ, ಅಷ್ಟೂ ಜನರನ್ನು ನಡೆಸುವ ಮುಖ್ಯಸ್ಥ. ವಿಷಯ ಆರಿಸುವಾಗ ಹುಡುಗ ಇದನ್ನೇ ಹೆಮ್ಮೆಯಿಂದ ಹೇಳಿ ನನ್ನ ಒಪ್ಪಿಗೆ ಪಡೆದಿದ್ದ. ಅಂಥವನು ತನ್ನ ಅಪ್ಪನನ್ನು ಸೋಮಾರಿ, ಕುಡುಕ ಎಂದು ಬರೆದಾನೆಯೇ? ಬರೆಯಲಿಲ್ಲ. ಬೇರೆ ಯಾರೋ ಬರೆದದ್ದು ಇವನ ಕೈಯಲ್ಲಿ ಹಾದುಹೋಗಿದೆ, ಅಷ್ಟೇ. ಸಂತೋಷ ಇದ್ದಲ್ಲಿಯೇ ಇಳಿದುಹೋಯಿತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಉಡುಪಿಯ ಒಂದು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕಿ. ಕಲ್ಯಾಣಪುರದ ಕ್ರಿಸ್ತರ ಮನೆಯವಳು. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ಹೊಟ್ಟೆಪಾಡಿಗೆ ಕನ್ನಡ ಎಂದು ಸಹೋದ್ಯೋಗಿಗಳು ನನ್ನನ್ನು ತಮಾಷೆ ಮಾಡುತ್ತಿದ್ದರು. ಕೃತಿಚೌರ್ಯ ಎಂಬ ಶಬ್ದ ನಮ್ಮ ಪಾಠಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ನಾವು ನೋಟ್ಸ್ ಹೇಳಿ ಬರೆಸುವುದು, ಅವರು ಅದನ್ನೇ ಬಾಯಿಪಾಠ ಮಾಡಿ ಉತ್ತರಪತ್ರಿಕೆಯಲ್ಲಿ ಒಪ್ಪಿಸುವುದು, ನಾವು ಅದಕ್ಕೆ ಅಂಕ ಕೊಡುವುದು. ಒಂದನೇ ಕ್ಲಾಸಿನಿಂದ ನಡೆದು ಬಂದ ಕ್ರಮ ಇದು. ಎಂ.ಎ.ಗೆ ಬಂದ ಮೇಲೆ ಒಂದು ದಿನ ಬೆಳಿಗ್ಗೆ, ಇನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ ಎಂದರೆ ಅವರು ಎಲ್ಲಿಗೆ ಹೋಗಬೇಕು?

ಅನುಮಾನ ಬೇರೆ, ಸಾಕ್ಷಿ ಬೇರೆ. ಮುಂದಿನ ಶನಿವಾರ ಮಣಿಪಾಲದ ಬಸ್ಸು ಹತ್ತಿದೆ. ಅಲ್ಲಿಯ ದೊಡ್ಡ ಗ್ರಂಥಾಲಯದಲ್ಲಿ ಹಳೆಯ ಸರ್ಕಾರಿ ವರದಿಗಳ ಕಪಾಟು ಉಂಟೆಂದು ಗೊತ್ತಿತ್ತು. ಮೀನುಗಾರಿಕೆಯದು ಬೇಕೆಂದ ಕೂಡಲೇ ಗ್ರಂಥಪಾಲಕರು ನಕ್ಕರು. "ಅದಕ್ಕೂ ಇನ್ನೊಬ್ಬರು ಬಂದರಾ? ಕಾಪುವಿನ ಒಬ್ಬ ಹುಡುಗ ದೀಪಾವಳಿ ಕಳೆದಲ್ಲಿಂದ ಶನಿವಾರ ತಪ್ಪಿಸಲಿಲ್ಲ ನೋಡಿ. ನಿಘಂಟು ಇಟ್ಟುಕೊಂಡು ಕೂತರೆ ಬಾಗಿಲು ಹಾಕುವವರೆಗೆ ಏಳುವುದಿಲ್ಲ."

ವರದಿ ಇಂಗ್ಲಿಷಿನಲ್ಲಿತ್ತು. ಬ್ರಿಟಿಷರ ಕಾಲದ ಯಾರೋ ಅಧಿಕಾರಿ ತೀರದುದ್ದಕ್ಕೂ ಓಡಾಡಿ ಬರೆದ ಸಮೀಕ್ಷೆ. ಹುಡುಗನ ಕರಡನ್ನು ಅದರ ಪಕ್ಕದಲ್ಲಿಟ್ಟು ಸಾಲಿಗೆ ಸಾಲು ಹೋಲಿಸುತ್ತಾ ಹೋದೆ. ಒಂದು ವಾಕ್ಯವೂ ತಪ್ಪಿರಲಿಲ್ಲ. ಅಧಿಕಾರಿಯ ಅರ್ಧವಿರಾಮ ಇದ್ದಲ್ಲಿ ಇವನದೂ ಅರ್ಧವಿರಾಮ. ಎಲ್ಲಿಯೂ ಉದ್ಧರಣ ಚಿಹ್ನೆ ಇಲ್ಲ, ವರದಿಯ ಹೆಸರಿಲ್ಲ. ಕೆಂಪು ಗೆರೆ ಎಳೆದು ಎಳೆದು ಕೈ ನೋವು ಬಂತು. ಕೊನೆಗೆ ಗೆರೆ ಬೀಳದ ಸಾಲು ಉಳಿದದ್ದು ಅಧ್ಯಾಯದ ಹೆಸರು ಮಾತ್ರ.

ಸೋಮವಾರ ಅವನನ್ನು ಕರೆಸಿದೆ. ಮೇಜಿನ ಮೇಲೆ ಕೆಂಪು ಬಳಿದ ಪುಟಗಳನ್ನು ನೋಡಿ ಅವನ ಮುಖ ಸಣ್ಣದಾಯಿತು.

"ಇದು ಯಾರು ಬರೆದದ್ದು?"

"ನಾನೇ ಮೇಡಂ. ಇಂಗ್ಲಿಷ್ ಪುಸ್ತಕ ನೋಡಿ ಕನ್ನಡ ಮಾಡಿದ್ದು."

"ಹಾಗಾದರೆ ಪುಸ್ತಕದವರ ಹೆಸರು ಎಲ್ಲಿ ಉಂಟು?"

"ಕನ್ನಡ ಮಾಡಿದ ಮೇಲೆ ನನ್ನದೇ ಆಯ್ತಲ್ಲ ಮೇಡಂ? ಕದ್ದಿಲ್ಲ ನಾನು. ಒಂದೊಂದು ವಾಕ್ಯಕ್ಕೂ ಬೆವರು ಸುರಿಸಿದ್ದೇನೆ."

ಸುಳ್ಳು ಹೇಳುವವರ ಕಣ್ಣು ನನಗೆ ಗೊತ್ತು. ಇವನದು ಆ ಕಣ್ಣಲ್ಲ. ಕಷ್ಟಪಟ್ಟದ್ದೆಲ್ಲ ತನ್ನದೇ ಎಂದು ಅವನು ನಿಜವಾಗಿ ನಂಬಿದ್ದ. ನಾನು ಆ ಮೂರು ವಾಕ್ಯಗಳಿದ್ದ ಪುಟ ತೆಗೆದು ಗಟ್ಟಿಯಾಗಿ ಓದು ಎಂದೆ. ಓದಿದ. ಸೋಮಾರಿತನ, ಕುಡಿತ ಎಂಬಲ್ಲಿಗೆ ಬಂದಾಗ ದನಿ ಕುಗ್ಗಿತು.

"ನಿನ್ನ ಅಪ್ಪ ಮಳೆಗಾಲದಲ್ಲಿ ಎಂತ ಮಾಡುತ್ತಿದ್ದರು?"

"ಬಲೆ ಸರಿ ಮಾಡುವುದು ಮೇಡಂ. ಬಲೆ ಸರಿ ಮಾಡಿ ಮಾಡಿ ಬೆರಳು ಸೀಳಿ ಹೋಗ್ತಿತ್ತು."

"ಮತ್ತೆ ಹೀಗೆ ಯಾಕೆ ಬರೆದೆ?"

ಅವನು ಪುಟವನ್ನು ಮೇಜಿನ ಮೇಲಿಟ್ಟ. ಆಮೇಲೆ ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. "ಪುಸ್ತಕದಲ್ಲಿ ಹಾಗೆ ಉಂಟು ಮೇಡಂ. ಅಪ್ಪ ಹೇಳಿದ್ದೆಲ್ಲ ಪ್ರಬಂಧಕ್ಕೆ ಆಗ್ತದಾ?"

ಸಿಟ್ಟು ಬಂತು. ಅವನ ಮೇಲಲ್ಲ. ಅಚ್ಚಾದದ್ದು ಮಾತ್ರ ವಿದ್ಯೆ ಎಂದು ಇಷ್ಟು ವರ್ಷ ಅವನ ತಲೆಗೆ ತುಂಬಿದವರೆಲ್ಲರ ಮೇಲೆ. ಆ ಶನಿವಾರಗಳಲ್ಲೆಲ್ಲ ಅಪ್ಪ ಮನೆಯ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರಂತೆ. ಪರ್ಸಿನ್ ಬಲೆಯ ಯಂತ್ರದ ಬೋಟುಗಳು ಬಂದು ನಡುಗಡಲಲ್ಲೇ ಮೀನನ್ನು ಬಾಚಿಕೊಳ್ಳತೊಡಗಿದ ಮೇಲೆ ದಡದ ರಂಪಣಿಗೆ ಬಂಗುಡೆಯೂ ಇಲ್ಲ, ಬೂತಾಯಿಯೂ ಇಲ್ಲ. ಬಲೆ ಮಡಚಿ ಕೊಟ್ಟಿಗೆಗೆ ಸೇರಿತ್ತು. ಅಂದಿನಿಂದ ಅಪ್ಪನ ಮಾತೂ ಕಡಿಮೆಯಾಗಿತ್ತು. ಜಗಲಿಯಲ್ಲಿ ಕೂತಿದ್ದ ಅವರನ್ನು ದಾಟಿಕೊಂಡು ಮಗ ರಂಪಣಿಯ ಬಗ್ಗೆ ತಿಳಿಯಲು ಮಣಿಪಾಲಕ್ಕೆ ಹೋಗುತ್ತಿದ್ದ.

ವಿಷಯ ವಿಭಾಗದ ಮುಖ್ಯಸ್ಥರ ಕಿವಿಗೆ ಬಿತ್ತು. ಒಳ್ಳೆಯ ಮನುಷ್ಯರೇ, ಯಾರಿಗೂ ಕೆಟ್ಟದಾಗಬಾರದು ಎಂಬುದು ಅವರ ಸ್ವಭಾವ. ಬಾಗಿಲು ಮುಂದೆ ಮಾಡಿ ನನ್ನೆದುರು ಕೂತರು.

"ಎಂತ ಮೇಡಂ, ಇಷ್ಟು ದೊಡ್ಡದು ಮಾಡುವುದು ಬೇಕಾ? ಎಲ್ಲರೂ ಮಾಡುವುದೇ ಅಲ್ವಾ? ಅವನಿಗೆ ಕಾರ್ಕಳದ ಹೈಸ್ಕೂಲಿನವರು ಜೂನಿಗೆ ಬಾ ಅಂದಿದ್ದಾರೆ ಮಾರಾಯ್ರೆ. ಪಾಸಾದರೆ ಕೆಲಸ ಗ್ಯಾರಂಟಿ. ಮನೆಯ ಸ್ಥಿತಿ ನಿಮಗೆ ಗೊತ್ತುಂಟು."

"ಗೊತ್ತುಂಟು ಸರ್. ಆದರೆ 'ಇದು ಅಭ್ಯರ್ಥಿಯ ಸ್ವಂತ ಕೃತಿ' ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದವಳು ನಾನು."

"ಅಧ್ಯಾಯದ ಕೊನೆಗೆ 'ಆಧಾರ: ಇಂಥ ವರದಿ' ಅಂತ ಒಂದು ಸಾಲು ಟೈಪ್ ಮಾಡಿಸಿದರೆ ಆಯ್ತಲ್ಲ. ಮುಗಿಯಿತು."

ಆ ಮಾತು ನನ್ನನ್ನು ಎರಡು ದಿನ ಕಾಡಿತು. ಹಾಗೆ ಮಾಡಿದರೆ ಯಾರೂ ಬೆರಳು ತೋರಿಸಲಾರರು. ಹುಡುಗ ಜೂನಿನಲ್ಲಿ ಕಾರ್ಕಳಕ್ಕೆ ಹೋಗುತ್ತಾನೆ, ಮನೆಯಲ್ಲಿ ಒಲೆ ಉರಿಯುತ್ತದೆ. ಆದರೆ ಒಂದು ಇಡೀ ಅಧ್ಯಾಯದ ಬಾಲಕ್ಕೆ ಒಂದು ಹೆಸರು ಕಟ್ಟಿದರೆ ಯಾವ ಮಾತು ಅಧಿಕಾರಿಯದು, ಯಾವುದು ಇವನದು ಎಂದು ಓದುವವನಿಗೆ ತಿಳಿಯುವುದು ಹೇಗೆ? ತಿಳಿಯಬಾರದೆಂದೇ ಅಲ್ಲವೇ ಆ ಸಾಲು? ಅದಕ್ಕಿಂತ ಹೆಚ್ಚಾಗಿ, ತಂಡೇಲನ ಮಗನ ಹೆಸರಿರುವ ಪುಸ್ತಕದಲ್ಲಿ ಆ ಮೂರು ವಾಕ್ಯಗಳು ರಟ್ಟು ಹಾಕಿಸಿಕೊಂಡು ಶಾಶ್ವತವಾಗಿ ಕೂರುತ್ತವೆ. ಅದು ನನಗೆ ಒಪ್ಪಿಗೆಯಾಗಲಿಲ್ಲ. ಸಹಿ ಹಾಕುವುದಿಲ್ಲ ಎಂದು ಹೇಳಿಬಿಟ್ಟೆ. ದೂರು ಕೊಡುವುದಿಲ್ಲ, ಹೆಸರು ಕೆಡಿಸುವುದಿಲ್ಲ. ಮೂರನೇ ಅಧ್ಯಾಯ ಬಿಸಾಡಿ, ಅಪ್ಪನನ್ನು ಕೇಳಿ ಹೊಸದಾಗಿ ಬರೆಯಲಿ. ಮಳೆಗಾಲ ಕಳೆದ ಮೇಲಿನ ಅವಧಿಗೆ ಒಪ್ಪಿಸಲಿ.

ಹುಡುಗ ಅಳಲಿಲ್ಲ. "ಕಾರ್ಕಳದವರು ಕಾಯುವುದಿಲ್ಲ ಮೇಡಂ" ಎಂದ. ನಾನು "ಗೊತ್ತು" ಎಂದೆ. ಕಾಯಲೂ ಇಲ್ಲ. ಜೂನ್ ಮೊದಲ ವಾರ ಆ ಕೆಲಸ ಬೇರೆ ಯಾರಿಗೋ ಹೋಯಿತು.

ಆದರೆ ಮೇ ತಿಂಗಳಿನಲ್ಲೇ ನಾವು ಕೆಲಸ ಶುರು ಮಾಡಿದೆವು. ನನ್ನ ಮನೆಯಲ್ಲಿ ಹಳೆಯ ಮದುವೆ ಕಾಗದಗಳ ದೊಡ್ಡ ಕಟ್ಟಿತ್ತು. ಅವುಗಳ ಖಾಲಿ ಬದಿಯನ್ನು ಕತ್ತರಿಸಿ ಕಾರ್ಡು ಮಾಡಿಕೊಟ್ಟೆ. ಒಂದು ಕಾರ್ಡಿಗೆ ಒಂದೇ ಸಂಗತಿ. ಮೇಲೆ ಮೊದಲು, ಹೇಳಿದವರು ಯಾರು, ಎಲ್ಲಿ, ಯಾವತ್ತು ಎಂದು ಬರೆಯಬೇಕು, ವಿಷಯ ಆಮೇಲೆ. ಅವರದೇ ಮಾತಾದರೆ ಉದ್ಧರಣ ಚಿಹ್ನೆ. ಅವರು ಹೇಳಿದ್ದನ್ನು ಅರ್ಥ ಮಾಡಿಕೊಂಡು ನಿನ್ನ ಮಾತಿನಲ್ಲಿ ಬರೆದರೂ ಹೆಸರು ಅವರದೇ. ಭಾಷೆ ಬದಲಾಯಿಸಿದರೆ ಒಡೆತನ ಬದಲಾಗುವುದಿಲ್ಲ. ನಿನಗೇ ಹೊಳೆದದ್ದಾದರೆ ಮೂಲೆಯಲ್ಲಿ 'ನನ್ನದು' ಎಂದು ಬರೆ. ಪುಸ್ತಕದಿಂದ ತೆಗೆದುಕೊಳ್ಳುವಾಗ ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ಹೊರಗೆ ಹೋಗಿ ಒಂದು ಚಾ ಕುಡಿದು ಬಾ. ಬಂದ ಮೇಲೆ ತಲೆಯಲ್ಲಿ ಉಳಿದದ್ದನ್ನು ಬರೆ. ಆಮೇಲೆ ಪುಸ್ತಕ ತೆರೆದು ತಪ್ಪಿದ್ದರೆ ತಿದ್ದು.

"ಚಾ ಕುಡಿದ ಮೇಲೆ ಎಂತದೂ ನೆನಪು ಉಳಿಯದಿದ್ದರೆ ಮೇಡಂ?"

"ಆಗ ಅದು ಅರ್ಥವಾಗಿಲ್ಲ ಅಂತ ಲೆಕ್ಕ. ಇನ್ನೊಮ್ಮೆ ಓದು, ಇನ್ನೊಂದು ಚಾ ಕುಡಿ."

ಅಂದು ಅವನು ಮೊದಲ ಸಲ ನಕ್ಕ.

ಒಂದು ಭಾನುವಾರ ಇಗರ್ಜಿಯ ಪೂಜೆ ಮುಗಿಸಿಕೊಂಡು ಸಂತೆಕಟ್ಟೆಯಲ್ಲಿ ಬಸ್ಸು ಹಿಡಿದು ಕಾಪುವಿಗೆ ಹೋದೆ. ದೀಪಸ್ತಂಭ ಕಾಣುವ ದಾರಿಯಲ್ಲಿ ಮನೆ. ಅಪ್ಪ ಜಗಲಿಯಲ್ಲಿದ್ದರು, ಎತ್ತರದ ಆಳು, ಭುಜ ಮಾತ್ರ ಕುಸಿದಿತ್ತು. ನಾನು ತುಳುವಿನಲ್ಲಿ ಮಾತು ತೆಗೆದೆ. ಕ್ರಿಸ್ತರ ಹೆಂಗಸರನ್ನು ನಮ್ಮಲ್ಲಿ ಕರೆಯುವಂತೆಯೇ ಅವರು ನನ್ನನ್ನು ಕರೆದರು.

"ನನ್ನ ಮಾತಿಗೆ ಮಾರ್ಕು ಯಾರು ಕೊಡುತ್ತಾರೆ ಬಾಯಮ್ಮ? ಶಾಲೆಯ ಮೆಟ್ಟಿಲು ಸಮ ಹತ್ತಿದವನಲ್ಲ ನಾನು."

"ಮಾರ್ಕಿನ ವಿಷಯ ನನಗೆ ಬಿಡಿ. ನೀವು ಹೇಳಿ, ಅವನು ಬರೆಯಲಿ."

ಹುಡುಗ ಒಳಗೆ ಹೋಗಿ ಆ ಹಳೆಯ ಪುಟ ತಂದ. ನಾನು ಹೇಳಿರಲಿಲ್ಲ. ಅಪ್ಪನ ಎದುರು ನಿಂತು ಆ ಮೂರು ವಾಕ್ಯಗಳನ್ನು ತುಳುವಿನಲ್ಲಿ ಹೇಳಿ, "ಒಬ್ಬ ದೊರೆಯ ಪುಸ್ತಕ ನೋಡಿ ಇದನ್ನು ನಾನು ಬರೆದಿದ್ದೆ" ಎಂದ. ಮುದುಕ ಮಗನ ಮುಖವನ್ನೇ ನೋಡಿದರು.

"ಕುಡಿದದ್ದು ಹೌದು," ಎಂದರು. "ಸೋಮಾರಿ ಅಂದದ್ದು ಸುಳ್ಳು. ಮಳೆಗಾಲದಲ್ಲಿ ಬಲೆ ಸರಿ ಮಾಡಿದ್ದು ಯಾರು, ಆ ದೊರೆಯ ಅಜ್ಜನಾ?" ಎಂದು ದೊಡ್ಡದಾಗಿ ನಕ್ಕುಬಿಟ್ಟರು. ಒಳಗಿನಿಂದ ಹುಡುಗನ ತಾಯಿ ಬಾಗಿಲಿಗೆ ಬಂದು ನಿಂತರು. ಗಂಡ ನಕ್ಕದ್ದು ಕೇಳಿ ತುಂಬ ಕಾಲವಾಗಿತ್ತು ಎಂದು ಅವರು ನನಗೆ ಚಾ ಕೊಡುವಾಗ ಹೇಳಿದರು.

ಮಳೆ ಹಿಡಿದ ಮೇಲೆ ಹುಡುಗ ಶನಿವಾರಗಳಂದು ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಕಾಲೇಜಿಗೆ ಬರತೊಡಗಿದ. ಮೊದಮೊದಲು ಕಾರ್ಡುಗಳಲ್ಲಿ ಪುಸ್ತಕದ ಗತ್ತು ಇತ್ತು. "ತಂದೆಯವರ ಅಭಿಪ್ರಾಯದ ಪ್ರಕಾರ" ಎಂದೆಲ್ಲ ಬರೆದಿದ್ದ. ನಾನು ಕೆಂಪು ಪೆನ್ಸಿಲಿನಲ್ಲಿ "ನಿನ್ನ ಅಪ್ಪ ಹೀಗೆ ಮಾತಾಡುತ್ತಾರಾ?" ಎಂದು ಬರೆದು ಹಿಂದೆ ಕೊಟ್ಟೆ. ಒಮ್ಮೆ ಊಹೆಯನ್ನು ಅಪ್ಪನ ಬಾಯಿಗೆ ತುರುಕಿದ್ದ. ಅದೂ ಕಳವೇ, ತಿರುಗಾಮುರುಗಾ ಅಷ್ಟೇ ಎಂದು ಜೋರು ಮಾಡಿದೆ, ತಿದ್ದಿಕೊಂಡು ಬಂದ. ಕ್ರಮೇಣ ಕಾರ್ಡುಗಳಲ್ಲಿ ಒಬ್ಬ ಮನುಷ್ಯ ಕಾಣಿಸತೊಡಗಿದ. "ಹಗ್ಗ ಎಳೆಯುವಾಗ ಎದುರು ಸಾಲಿನವನ ಕಾಲು ನೋಡಬೇಕು, ಮುಖ ನೋಡಬಾರದು. ಮುಖ ನೋಡಿದರೆ ನಗು ಬರುತ್ತದೆ, ಹಗ್ಗ ಸಡಿಲಾಗುತ್ತದೆ." ಅದರ ಮೇಲೆ ನಾನು ಹೇಳಿಕೊಟ್ಟಂತೆಯೇ ಇತ್ತು: ಹೇಳಿದವರು, ನನ್ನ ತಂದೆ, ಸ್ಥಳ, ಮನೆಯ ಜಗಲಿ, ಕಾಪು, ಕೆಳಗೆ ದಿನಾಂಕ.

"ಈಗ ಬೆಳಿಗ್ಗೆ ಎದ್ದ ಕೂಡಲೇ ಅವರೇ ಕೇಳ್ತಾರೆ ಮೇಡಂ," ಎಂದ ಒಂದು ದಿನ. "ಇವತ್ತು ಎಂತ ಬರೀಲಿಕ್ಕುಂಟು ಅಂತ."

ಮುಖ್ಯವಾದ ಒಂದು ಸಂಗತಿ ಮಾತ್ರ ಬಾಕಿ ಇತ್ತು. ದಡದಲ್ಲಿ ನಿಂತು, ನೀರಿನ ಬಣ್ಣ ನೋಡಿಯೇ ಮೀನಿನ ಗುಂಪು ಎಲ್ಲುಂಟು, ಎಷ್ಟುಂಟು, ಬಂಗುಡೆಯೋ ಬೂತಾಯಿಯೋ ಎಂದು ತಂಡೇಲ ಹೇಳಬೇಕು. ತಂಡೇಲನಾಗುವುದೇ ಆ ಕಣ್ಣಿನಿಂದ. ಅಧ್ಯಾಯದ ನಡುಮನೆ ಅದೇ ಎಂದು ಹುಡುಗನಿಗೂ ಗೊತ್ತಿತ್ತು. ಎಷ್ಟು ಕೇಳಿದರೂ ಅಪ್ಪ ಬಾಯಿ ಬಿಟ್ಟಿರಲಿಲ್ಲ. ಬಚ್ಚಿಡುವುದಕ್ಕಲ್ಲ. "ಅದು ಜಗಲಿಯಲ್ಲಿ ಕೂತು ಹೇಳುವ ವಿಷಯ ಅಲ್ಲ. ಈಗ ಮಳೆಯ ಮಣ್ಣುನೀರು ಸೇರಿ ಕಡಲು ಕೆಂಪಾಗಿ ಉಂಟು. ನೂಲು ಹುಣ್ಣಿಮೆ ಕಳೆಯಲಿ. ಕಡಲಿಗೆ ಹಾಲೆರೆದ ಮೇಲೆ ದಡದಲ್ಲಿ ನಿಲ್ಲಿಸಿ ತೋರಿಸುತ್ತೇನೆ" ಎಂದಿದ್ದರಂತೆ. ಮಳೆಯ ಅಬ್ಬರ ಇಳಿಯುವ ಆ ಹುಣ್ಣಿಮೆಯಂದು ಕಡಲಿಗೆ ಹಾಲು, ತೆಂಗಿನಕಾಯಿ ಒಪ್ಪಿಸಿಯೇ ಅವರು ಮತ್ತೆ ನೀರಿಗಿಳಿಯುವುದು. ಅದಕ್ಕೆ ಮುಂಚೆ ಕಡಲಿನ ಕಸುಬಿನ ಮಾತನ್ನು ಕಡಲಿಗೆ ಮುಖ ಮಾಡಿ ಆಡುವ ಕ್ರಮ ಅವರ ಮನೆಯಲ್ಲಿ ಇರಲಿಲ್ಲ. ಕಾಯೋಣ, ಸಮಯ ಉಂಟಲ್ಲ ಎಂದೆ ನಾನು.

ಮಳೆಗಾಲದ ನಡುವಿನ ಆಟಿ ತಿಂಗಳಿನ ಒಂದು ಶನಿವಾರ ಹುಡುಗ ಬರಲಿಲ್ಲ. ಮಳೆ ಜೋರಿತ್ತು, ಬಸ್ಸು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡೆ. ಸೋಮವಾರ ವಿಭಾಗದ ಮುಖ್ಯಸ್ಥರು ನನ್ನ ಮೇಜಿನ ಬಳಿ ಬಂದು, ಕೊಡೆ ಮಡಚುತ್ತಾ, ತಗ್ಗಿದ ದನಿಯಲ್ಲಿ ಹೇಳಿದರು: "ಆ ಕಾಪುವಿನ ಹುಡುಗನ ತಂದೆ ಹೋದರಂತೆ ಮೇಡಂ. ಎದೆನೋವು ಅಂತೆ. ಆಸ್ಪತ್ರೆಗೆ ಮುಟ್ಟಿಸಲಿಕ್ಕೂ ಆಗಲಿಲ್ಲವಂತೆ."

ಅಂದೇ ಮಧ್ಯಾಹ್ನ ಹೋದೆ. ಜಗಲಿ ತುಂಬ ಜನ. ಅವರು ಕೂರುತ್ತಿದ್ದ ಜಾಗದಲ್ಲಿ ಮಾತ್ರ ಯಾರೂ ಕೂತಿರಲಿಲ್ಲ. ಹುಡುಗ ತಲೆ ಬೋಳಿಸಿಕೊಂಡು ಗೋಡೆಗೆ ಒರಗಿದ್ದ. ನನ್ನನ್ನು ಕಂಡು ಎದ್ದು ಬಂದ. ಅವನೇ ಮಾತಾಡಿದ.

"ಹುಣ್ಣಿಮೆಗೆ ಇನ್ನೂ ದಿನ ಉಂಟು ಮೇಡಂ."

ವಾಪಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ಅತ್ತೆ. ಪಕ್ಕದ ಹೆಂಗಸು ಮಳೆ ನೀರು ಮುಖಕ್ಕೆ ಬೀಳುತ್ತಿದೆ ಎಂದುಕೊಂಡು ಟಾರ್ಪಾಲು ಎಳೆದುಕೊಟ್ಟಳು. ದೀಪಾವಳಿಯಿಂದ ಮಾರ್ಚ್‌ವರೆಗೆ ಕಡಲು ತಿಳಿಯಾಗಿಯೇ ಇತ್ತು. ಅಪ್ಪ ಇದ್ದರು, ದಡ ಇತ್ತು. ಆ ಶನಿವಾರಗಳು ಇಂಗ್ಲಿಷ್ ನಿಘಂಟಿಗೆ ಹೋದವು. ನಕಲು ಮಾಡಿದರೆ ಬರೆದವನಿಗೆ ಮೋಸ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಆ ಅಧಿಕಾರಿಗೆ ಇವನ ನಕಲಿನಿಂದ ಒಂದು ಕೂದಲೂ ಕೊಂಕಿರಲಿಲ್ಲ.

ಹುಡುಗ ಮತ್ತೆ ಬರುತ್ತಾನೆಂಬ ನಂಬಿಕೆ ನನಗಿರಲಿಲ್ಲ. ಚೌತಿ ಕಳೆದ ಮೇಲೆ ಬಂದ. ಉಳಿದ ಕಾರ್ಡುಗಳನ್ನು ಜೋಡಿಸಿ ಅಧ್ಯಾಯ ಬರೆದ. ಹಳೆಯ ವರದಿಯನ್ನೂ ಬಿಡಲಿಲ್ಲ. ಅದರಿಂದ ಬೇಕಾದ ಕೆಲವು ಸಾಲು ಉದ್ಧರಣ ಚಿಹ್ನೆಯೊಳಗೆ ಕೊಟ್ಟು, ಅಡಿಯಲ್ಲಿ ವರದಿಯ ಹೆಸರು, ಪುಟ ಹಾಕಿ, ಸೋಮಾರಿತನದ ಮಾತಿಗೆ ಎದುರಾಗಿ ಅಪ್ಪ ಹೇಳಿದ ಉತ್ತರವನ್ನು ಇಟ್ಟಿದ್ದ. ಪಕ್ಕದ ದಡದ ಇನ್ನೊಬ್ಬ ತಂಡೇಲರನ್ನು ನೋಡಿ ಬರಲು ನಾನೇ ಕಳಿಸಿದೆ. "ನಿನ್ನ ಅಪ್ಪ ನೋಡುತ್ತಿದ್ದ ರೀತಿ ನನಗೆ ಗೊತ್ತಿಲ್ಲ, ನನ್ನದು ಬೇರೆ" ಎಂದು ಅವರು ತಮಗೆ ತಿಳಿದಷ್ಟು ಹೇಳಿದ್ದರು. ಅದು ಅವರ ಹೆಸರಿನಲ್ಲಿ ಬೇರೆಯಾಗಿ ಬಂತು. ಟೈಪು ಮುಗಿದು, ಕ್ಯಾಲಿಕೊ ರಟ್ಟು ಹಾಕಿಸಿ, ಪ್ರತಿಗಳನ್ನು ಮೇಜಿನ ಮೇಲೆ ತಂದಿಟ್ಟ ದಿನ ನಾನು ಒಂದೊಂದೇ ಪುಟ ತಿರುಗಿಸಿ ನೋಡಿ, ಪ್ರಮಾಣಪತ್ರಕ್ಕೆ ಸಹಿ ಹಾಕಿದೆ.

ಮೌಖಿಕ ಪರೀಕ್ಷೆಗೆ ಘಟ್ಟದ ಮೇಲಿನಿಂದ ಪರೀಕ್ಷಕರು ಬಂದಿದ್ದರು. ಹಿರಿಯರು, ಕನ್ನಡಕದ ಮೇಲಿಂದ ನೋಡುವವರು. ಮೂರನೇ ಅಧ್ಯಾಯದ ಒಂದು ಪುಟದಲ್ಲಿ ನಿಂತರು.

"ಇದೇನಪ್ಪ? 'ನೀರಿನ ಬಣ್ಣದಿಂದ ಮೀನು ಗುರುತಿಸುವ ಕ್ರಮ' ಅಂತ ಶೀರ್ಷಿಕೆ ಕೊಟ್ಟಿದ್ದೀರಿ. ಕೆಳಗೆ ಒಂದೇ ಒಂದು ಸಾಲು ಇದೆ. ಪುಟವೆಲ್ಲ ಖಾಲಿ."

"ಹೌದು ಸರ್."

"ನಿಮ್ಮ ತಂದೆಯವರೇ ಈ ಕಸುಬಿನಲ್ಲಿದ್ದವರು. ಚಿಕ್ಕಂದಿನಿಂದ ನೋಡಿದ್ದೀರಿ. ನೀವೇ ನಾಲ್ಕು ಮಾತು ಕೂಡಿಸಿ ಅವರು ಹೇಳಿದರು ಅಂತ ಬರೆದಿದ್ದರೆ ಯಾರು ಕೇಳುತ್ತಿದ್ದರು?"

ವಿಭಾಗದ ಮುಖ್ಯಸ್ಥರು ನನ್ನ ಕಡೆ ನೋಡಿದರು. ನಾನು ಹುಡುಗನ ಕಡೆ ನೋಡಿದೆ. ಅವನ ತಲೆಗೂದಲು ಇನ್ನೂ ಪೂರ್ತಿ ಬೆಳೆದಿರಲಿಲ್ಲ.

"ಅವರು ಹೇಳಿದ್ದು ಅಷ್ಟೇ ಸರ್," ಎಂದ.

ಪರೀಕ್ಷಕರು ಮತ್ತೆ ಆ ಪುಟಕ್ಕೆ ಬಗ್ಗಿದರು. ಕನ್ನಡಕ ಸರಿಮಾಡಿಕೊಂಡು, ಅಲ್ಲಿದ್ದ ಒಂದು ಸಾಲನ್ನೂ ಅದರ ಅಡಿಯಲ್ಲಿದ್ದ ಸಣ್ಣ ಸಾಲನ್ನೂ ಮೆಲ್ಲಗೆ, ತಮಗೇ ಎಂಬಂತೆ ಓದಿದರು.

"ಕಡಲಿಗೆ ಹಾಲೆರೆದ ಮೇಲೆ ದಡದಲ್ಲಿ ನಿಲ್ಲಿಸಿ ತೋರಿಸುತ್ತೇನೆ. ಹೇಳಿದವರು, ನನ್ನ ತಂದೆ. ಸ್ಥಳ, ಮನೆಯ ಜಗಲಿ, ಕಾಪು."